ಗರ್ಭನಿರೋಧಕ ಚುಚ್ಚುಮದ್ದು ಮತ್ತು ವಿಷಾಣು: ಒಂದು ಸಂದೇಹದ ಇತಿಹಾಸ

ವೈದ್ಯಶಾಸ್ತ್ರದ ಚರಿತ್ರೆಯೆಂದರೆ ಹೊಸ ಔಷಧಗಳ ಮತ್ತು ಅವುಗಳನ್ನು ಕಂಡುಹಿಡಿದ ಮಹನೀಯರ ಚರಿತ್ರೆಯೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಸಂದೇಹಗಳಿಗೂ ಒಂದು ಚರಿತ್ರೆಯುಂಟು. ಒಂದು ಸಂದೇಹವು ಯಾವ ಸಂದರ್ಭದಲ್ಲಿ ಹುಟ್ಟಿತು, ಅದನ್ನು ಮೊದಲು ಎತ್ತಿದವರಾರು, ಕೇಳಬೇಕಾಗಿದ್ದ ಯಾರ ಕಿವಿಗೆ ಅದು ಬೀಳಲೇ ಇಲ್ಲ, ಅದರ ಪರಿಹಾರಕ್ಕೆ ಎಷ್ಟು ಕಾಲ ಹಿಡಿಯಿತು ಎಂಬಿವೆಲ್ಲ ಇತಿಹಾಸಕಾರನು ವಿಚಾರಿಸತಕ್ಕ ವಿಷಯಗಳೇ ಆಗಿವೆ. ಗರ್ಭಧಾರಣೆಯನ್ನು ತಡೆಯಲೆಂದು ಸ್ತ್ರೀಯರು ಪಡೆಯುವ ಹಾರ್ಮೋನಿನ ಚುಚ್ಚುಮದ್ದು, ಏಡ್ಸ್ ರೋಗಕ್ಕೆ ಕಾರಣವಾದ ಎಚ್.ಐ.ವಿ. ಎಂಬ ವಿಷಾಣುವಿಗೆ ಅವರ ದೇಹದ ಬಾಗಿಲನ್ನು ತೆರೆದುಕೊಡುವುದೇ ಎಂಬುದು ಅಂತಹ ಒಂದು ಸಂದೇಹ. 1991ರಲ್ಲಿ ತಲೆದೋರಿದ ಈ ಪ್ರಶ್ನೆಗೆ ಒಪ್ಪತಕ್ಕ ಉತ್ತರವೊಂದು ದೊರೆತುದು 2019ರಲ್ಲಿ. ನಡುವೆ 28 ವರ್ಷಗಳು ಸಂದುವು. ಈ ಕಥೆಯ ಬಹುಭಾಗ ನಡೆದುದು ಪೂರ್ವ ಮತ್ತು ದಕ್ಷಿಣ ಆಫ್ರಿಕದಲ್ಲಿ. ಆದರೂ ಅದೇ ಚುಚ್ಚುಮದ್ದನ್ನು ಭಾರತ ಸರ್ಕಾರವು 2017ರಿಂದ ತನ್ನ ಕುಟುಂಬ ಯೋಜನೆಯಲ್ಲಿ ಸೇರಿಸಿಕೊಂಡಿರುವುದರಿಂದ ನಮ್ಮ ವಾಚಕರಿಗೆ ಇದು ದೂರದ ವಿಷಯವೇನೂ ಅಲ್ಲ.

ಮೊದಲು ಔಷಧದ ವಿಚಾರ. ಗರ್ಭನಿರೋಧಕ ಗುಳಿಗೆಗೆ ಅಮೆರಿಕದಲ್ಲಿ ಅನುಮತಿ ದೊರೆತುದು 1960ರಲ್ಲಿ. ಆ ದಶಕದಲ್ಲಿಯೇ ಅಮೆರಿಕದ ಅಪ್‌ಜಾನ್ ಸಂಸ್ಥೆಯ ಡಿಪೋ-ಪ್ರೊವೆರಾ ಎಂಬ ಚುಚ್ಚುಮದ್ದಿನ ಪ್ರಯೋಗಗಳೂ ಆರಂಭವಾದುವು. ಸ್ತ್ರೀಯ ಅಂಡಾಶಯದಲ್ಲಿ ಸ್ರವಿಸುವ ಪ್ರೊಜೆಸ್ಟರೋನ್ ಎಂಬ ಹಾರ್ಮೋನಿನ ಮಾದರಿಯಲ್ಲಿ ರಸಾಯನಶಾಲೆಯಲ್ಲಿ ತಯಾರಾದ ದ್ರವ್ಯವಿದು. ಇದರ ಉದ್ದವಾದ ಶಾಸ್ತ್ರೀಯ ನಾಮವನ್ನು ಸಂಕ್ಷೇಪಿಸಿ ಡಿ.ಎಂ.ಪಿ.ಎ. ಎನ್ನುತ್ತಾರೆ. 150 ಮಿಲಿಗ್ರಾಂ ಪ್ರಮಾಣದಲ್ಲಿ ಮೂರು ತಿಂಗಳಿಗೊಮ್ಮೆ ಸ್ನಾಯುವಿಗೆ ಚುಚ್ಚಿದರೆ ಅಂಡವು ಬಿಡುಗಡೆಯಾಗದೆ ಗರ್ಭವು ನಿಲ್ಲುವುದಿಲ್ಲ. ದಿನವೂ ನೆನಪಿಟ್ಟು ನುಂಗಬೇಕಾದ ಗುಳಿಗೆಯ ಕಾಟ ಇದರಲ್ಲಿಲ್ಲ. ಮನೆಯಲ್ಲಿ ಬಚ್ಚಿಡಬೇಕಾದ ಪೊಟ್ಟಣವೂ ಇಲ್ಲ. ಗಂಡನಿಗಾಗಲಿ ಅತ್ತೆಗಾಗಲಿ ತಿಳಿಯದಂತೆ ಆಸ್ಪತ್ರೆಗೆ ಹೋಗಿಬರಬಹುದು. ಆಫ್ರಿಕದ ಗ್ರಾಮೀಣ ಸ್ತ್ರೀಯರು ಈ ಚುಚ್ಚುಮದ್ದನ್ನು ಮೆಚ್ಚಿಕೊಂಡುದಕ್ಕೆ ಈ ಗೋಪ್ಯವೇ ಒಂದು ಮುಖ್ಯ ಕಾರಣ. ಆದರೆ ಒಂದು ತೊಡಕುಂಟು: ಒಮ್ಮೆ ಚುಚ್ಚಿದ ಮದ್ದನ್ನು ಹೊರತೆಗೆಯುವಂತಿಲ್ಲ. ಬೇಡವೆನಿಸಿದರೂ ತಿಂಗಳುಗಟ್ಟಲೆ ಅದು ದೇಹದಲ್ಲಿದ್ದೇ ತೀರುತ್ತದೆ.

ಈ ಔಷಧದ ಮೇಲಿನ ಶಂಕೆ ಏಡ್ಸ್ ರೋಗಕ್ಕಿಂತ ಹಿಂದಿನದು. ಬೀಗಲ್ ಜಾತಿಯ ನಾಯಿಗಳಿಗೆ ಇದನ್ನು ಕೊಟ್ಟಾಗ ಸ್ತನದಲ್ಲಿ ಗಂಟುಗಳು ಕಾಣಿಸಿಕೊಂಡುವು. ಈ ಮತ್ತು ಇತರ ಕಾರಣಗಳಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1978ರಲ್ಲಿ ಗರ್ಭನಿರೋಧಕ್ಕಾಗಿ ಇದರ ಬಳಕೆಗೆ ಒಪ್ಪಲಿಲ್ಲ. ಅನುಮತಿ ಸಿಕ್ಕಿದುದು 1992ರಲ್ಲಿ. ಅಷ್ಟರಲ್ಲಿ ಅನೇಕ ಬಡ ದೇಶಗಳಲ್ಲಿ ಇದು ವರ್ಷಗಟ್ಟಲೆ ಬಳಕೆಯಲ್ಲಿದ್ದಿತು. ತಯಾರಾದ ದೇಶದ ಸ್ತ್ರೀಯರಿಗೆ ಸಲ್ಲದುದು ಪರದೇಶದ ಸ್ತ್ರೀಯರಿಗೆ ಸಲ್ಲುವುದು ಹೇಗೆಂಬ ಪ್ರಶ್ನೆಯನ್ನು ಕೇಳಿದವರು ಬಹಳ ಮಂದಿ. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದಲ್ಲಿಯೂ ಬಿಳಿಯರ ಆಳ್ವಿಕೆಯ ರೊಡೇಷಿಯದಲ್ಲಿಯೂ ಕಪ್ಪು ಜನಾಂಗದ ಸ್ತ್ರೀಯರಿಗೆ ಈ ಚುಚ್ಚುಮದ್ದನ್ನು ಹುರುಪಿನಿಂದ ಹಂಚಲಾಗುತ್ತಿದ್ದಿತು. ರೊಡೇಷಿಯವು ಸ್ವತಂತ್ರ ಜಿಂಬಾಬ್ವೆಯಾದ ಮರುವರ್ಷವೇ, ಎಂದರೆ 1981ರಲ್ಲಿ, ಹೊಸ ಸರ್ಕಾರವು ಡಿಪೋ-ಪ್ರೊವೆರಾವನ್ನು ನಿಷೇಧಿಸಿತು. ಆ ನಿಷೇಧದಲ್ಲಿ ವೈದ್ಯಕೀಯ ಕಾರಣಕ್ಕಿಂತ ಅವಮಾನದ ನೆನಪೇ ಹೆಚ್ಚಾಗಿ ಕೆಲಸ ಮಾಡಿತೆಂದು ನನ್ನ ಅಭಿಪ್ರಾಯ. ಸ್ತ್ರೀಯರು ತಮ್ಮ ಹತೋಟಿ ಮೀರಿ ಗುಟ್ಟಾಗಿ ಗರ್ಭವನ್ನು ತಡೆದುಕೊಳ್ಳಬಲ್ಲರೆಂಬ ಗಂಡಸರ ಅಸಮಾಧಾನವೂ ಅದರಲ್ಲಿ ಬೆರೆತಿದ್ದಿತು. ಏನೇ ಇರಲಿ, ಮುಂದೆ ವಿಜ್ಞಾನಿಗಳು ವಿಷಾಣುವಿನ ಪ್ರಶ್ನೆಯನ್ನೆತ್ತಿದಾಗ ಅದು ಬಿದ್ದುದು ಇಂತಹ ನೆಲದ ಮೇಲೆ ಎಂಬುದನ್ನು ಮರೆಯಬಾರದು.

ಅದೇ 1981ರಲ್ಲಿ ಏಡ್ಸ್ ರೋಗದ ಮೊದಲ ವರದಿಗಳು ಅಮೆರಿಕದಲ್ಲಿ ಪ್ರಕಟವಾದುವು. 1983ರಲ್ಲಿ ಅದರ ವಿಷಾಣುವನ್ನು ಗುರುತಿಸಿದರು. ಆಫ್ರಿಕದಲ್ಲಿ ಇದು ಸ್ತ್ರೀಪುರುಷರ ಸಹಜ ಸಂಪರ್ಕದಿಂದಲೇ ಹರಡುತ್ತಿದ್ದುದರಿಂದ, ಯಾವ ಸ್ತ್ರೀಗೆ ಸೋಂಕು ಬೇಗ ತಗಲುತ್ತದೆ, ಯಾರಿಗೆ ತಗಲುವುದಿಲ್ಲ ಎಂಬ ವಿಚಾರಣೆ ಅಗತ್ಯವಾಯಿತು. ಕೆನ್ಯಾ ದೇಶದ ನೈರೋಬಿಯಲ್ಲಿ ವೇಶ್ಯಾವೃತ್ತಿಯ ಸ್ತ್ರೀಯರನ್ನು ಕುರಿತು ನಡೆದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಜನನಾಂಗದ ಹುಣ್ಣುಗಳಿದ್ದವರಿಗೆ ಅಪಾಯ ಹೆಚ್ಚೆಂಬುದು ಅದರಲ್ಲಿ ಕಂಡುಬಂದುದು ಆಶ್ಚರ್ಯವಲ್ಲ. ಗರ್ಭನಿರೋಧಕ ಗುಳಿಗೆ ನುಂಗುವವರಿಗೂ ಹೆಚ್ಚೆಂದು ಕಂಡುದು ಮಾತ್ರ ಯಾರೂ ನಿರೀಕ್ಷಿಸದ ಸಂಗತಿ. 1998ರಲ್ಲಿ ಅದೇ ದೇಶದ ಮೊಂಬಾಸ ಬಂದರಿನಿಂದ ಬಂದ ವರದಿಯು ಬೆರಳನ್ನು ಗುಳಿಗೆಯಿಂದ ಚುಚ್ಚುಮದ್ದಿನ ಕಡೆಗೆ ತಿರುಗಿಸಿತು: ಡಿ.ಎಂ.ಪಿ.ಎ. ಪಡೆಯುವವರಿಗೆ ಸೋಂಕು ತಗಲುವ ಸಂಭವ ಇಮ್ಮಡಿ.

ಈ ಎರಡು ವರದಿಗಳ ನಡುವೆ, 1996ರಲ್ಲಿ, ಪ್ರೆಸ್ಟನ್ ಮಾರ್ಕ್ಸ್ ಮತ್ತು ಅವರ ಸಹೋದ್ಯೋಗಿಗಳು ಕೋತಿಗಳ ಮೇಲೆ ನಡೆಸಿದ ಪ್ರಯೋಗವೊಂದು ಪ್ರಸಿದ್ಧವಾಯಿತು. ರೀಸಸ್ ಜಾತಿಯ ಹೆಣ್ಣು ಕೋತಿಗಳ ಚರ್ಮದಡಿಯಲ್ಲಿ ಪ್ರೊಜೆಸ್ಟರೋನ್ ಹಾರ್ಮೋನನ್ನು ಇರಿಸಿ, ಎಚ್.ಐ.ವಿ.ಯ ದಾಯಾದಿಯಾದ ಕಪಿವಿಷಾಣುವನ್ನು ಯೋನಿಗೆ ಸೋಕಿಸಿದಾಗ 18ರಲ್ಲಿ 14 ಕೋತಿಗಳಿಗೆ ಸೋಂಕು ತಗಲಿತು. ಹಾರ್ಮೋನು ಕೊಡದೆ, ಋತುಚಕ್ರದ ಮೊದಲ ಅರ್ಧದಲ್ಲಿ ಸೋಕಿಸಿದ 10 ಕೋತಿಗಳಲ್ಲಿ ಸೋಂಕಿದುದು ಒಂದಕ್ಕೆ ಮಾತ್ರ. ಯೋನಿಯ ಒಳಪದರವು ಹಾರ್ಮೋನಿನಿಂದ ತೆಳುವಾಗಿದ್ದುದೂ ಕಂಡಿತು. ಇಲ್ಲೊಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಇಲಿಗಳಲ್ಲಿ ಜನನಾಂಗದ ಹರ್ಪಿಸ್ ರೋಗವನ್ನು ಅಭ್ಯಸಿಸುವ ಪ್ರಯೋಗಶಾಲೆಗಳಲ್ಲಿ, ಇಲಿಗಳಿಗೆ ಸೋಂಕು ಸುಲಭವಾಗಿ ಹಿಡಿಯಲೆಂದು ಮೊದಲು ಡಿಪೋ-ಪ್ರೊವೆರಾವನ್ನೇ ಚುಚ್ಚುವುದು 1990ರ ದಶಕದಿಂದ ರೂಢಿಯಾಗಿದೆ. ಪ್ರಯೋಗಶಾಲೆಯ ಒಳಗೆ ಉಪಕರಣವಾಗಿದ್ದ ಈ ತಿಳಿವಳಿಕೆಯು ಚಿಕಿತ್ಸಾಲಯದ ಸಾಲಿನಲ್ಲಿ ನಿಂತ ಹೆಂಗಸಿನ ಬಳಿಗೆ ಹೋಗಲು ಎಷ್ಟು ತಡವಾಯಿತೆಂಬುದನ್ನು ವಾಚಕರೇ ಮುಂದೆ ನೋಡುವರು. ಇಲಿಯೂ ಕೋತಿಯೂ ಮನುಷ್ಯರಲ್ಲವೆಂಬ ಸಮಾಧಾನ ಉಚಿತವಾದುದೇ. ಕೋತಿಗಳಿಗೆ ಕೊಟ್ಟುದು ಡಿ.ಎಂ.ಪಿ.ಎ. ಅಲ್ಲವೆಂಬುದೂ ನಿಜ. ಆದರೆ ಅಂತಹ ಸಮಾಧಾನವನ್ನು ಹೇಳುವುದಕ್ಕಾದರೂ ಸಂಗತಿಯನ್ನು ಮೊದಲು ಆಕೆಗೆ ತಿಳಿಸಬೇಕಷ್ಟೆ.

ದೇಹದೊಳಗೆ ಇದು ನಡೆಯಬಹುದಾದ ಬಗೆಯನ್ನು ಕುರಿತು ಹಲವು ಊಹೆಗಳು ಹುಟ್ಟಿದುವು. ಮನುಷ್ಯ ಸ್ತ್ರೀಯಲ್ಲಿ ಒಳಪದರವು ಕೋತಿಯಷ್ಟು ತೆಳುವಾಗುವುದಿಲ್ಲವೆಂದು ಬೇಗನೆ ತಿಳಿಯಿತು. ಆದರೆ ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನು ಕುಗ್ಗುವುದರಿಂದ, ಯೋನಿಯಲ್ಲಿ ಹುಳಿಯನ್ನು ಉಂಟುಮಾಡಿ ಕಾವಲಿರುವ ಹಿತಕಾರಿ ಸೂಕ್ಷ್ಮಜೀವಿಗಳು ಕಡಮೆಯಾಗಬಹುದು, ಎಚ್.ಐ.ವಿ. ಯಾವ ರಕ್ತಕಣಗಳನ್ನು ಹಿಡಿದುಕೊಳ್ಳುವುದೋ ಅವು ಅಲ್ಲಿ ಹೆಚ್ಚಾಗಬಹುದು. ಕೇಪ್‌ಟೌನ್ ವಿಶ್ವವಿದ್ಯಾಲಯದ ಜಾನೆಟ್ ಹ್ಯಾಪ್‌ಗುಡ್ ಅವರ ತಂಡವು ಮತ್ತೊಂದು ಸೂಕ್ಷ್ಮವನ್ನು ತೋರಿಸಿಕೊಟ್ಟಿತು. ಡಿ.ಎಂ.ಪಿ.ಎ.ಯ ದ್ರವ್ಯವು ತನ್ನ ಸ್ವಂತ ಗ್ರಾಹಕಕ್ಕೆ ಮಾತ್ರವಲ್ಲದೆ, ದೇಹದ ರೋಗನಿರೋಧ ಕಾರ್ಯವನ್ನು ತಗ್ಗಿಸುವ ಕಾರ್ಟಿಸೋಲ್ ಹಾರ್ಮೋನಿನ ಗ್ರಾಹಕಕ್ಕೂ ಅಂಟಿಕೊಳ್ಳುತ್ತದೆ. ಇದೇ ಬಗೆಯ ಇನ್ನೊಂದು ಚುಚ್ಚುಮದ್ದಾದ ನೆಟ್-ಎನ್ ಹಾಗೆ ಅಂಟುವುದು ಅತ್ಯಲ್ಪ. ಎಲ್ಲ ಹಾರ್ಮೋನುಗಳನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಇದರಿಂದ ಸ್ಪಷ್ಟವಾಯಿತು.

ಇಷ್ಟಿದ್ದರೂ ಪ್ರಶ್ನೆ ತೀರಲಿಲ್ಲವೇಕೆ? ಈ ಇತಿಹಾಸದ ತಿರುಳೆಲ್ಲ ಇರುವುದು ಇಲ್ಲಿಯೇ. ಚುಚ್ಚುಮದ್ದು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ಯಾರಿಗೆ ಸೋಂಕು ಹೆಚ್ಚೆಂದು ಎಣಿಸುವುದು ಸುಲಭ. ಆದರೆ ಈ ಎರಡು ಗುಂಪಿನವರು ಬೇರೆಲ್ಲ ವಿಷಯದಲ್ಲಿ ಒಂದೇ ಬಗೆಯವರೆಂದು ಹೇಳುವವರಾರು? ಗರ್ಭಕ್ಕೆ ಚುಚ್ಚುಮದ್ದಿನ ರಕ್ಷಣೆ ಇರುವ ದಂಪತಿಗಳು ನಿರೋಧ್‌ನಂತಹ ಚೀಲವನ್ನು ಬಳಸುವ ಗೋಜಿಗೆ ಹೋಗುವುದು ಕಡಮೆ. ಗಂಡನು ಊರೂರು ತಿರುಗುವ ದುಡಿಮೆಯವನಾದರೆ, ಆತನ ನಡತೆಯಲ್ಲಿ ನಂಬಿಕೆಯಿಲ್ಲದ ಹೆಂಡತಿಯು ಗುಟ್ಟಾದ ಉಪಾಯವನ್ನೇ ಆರಿಸಿಕೊಳ್ಳಬಹುದು. ಆಗ ಆಕೆಗೆ ಅಪಾಯ ಬಂದುದು ಮದ್ದಿನಿಂದಲ್ಲ, ಗಂಡನಿಂದ. ಇನ್ನು ಏನನ್ನೂ ಬಳಸದ ಗುಂಪಿನಲ್ಲಿ ಮಗುವನ್ನು ಬಯಸುವವರು, ಗರ್ಭಿಣಿಯರು, ಗಂಡ ದೂರದಲ್ಲಿರುವವರು ಎಲ್ಲರೂ ಬೆರೆತಿರುತ್ತಾರೆ. ನಿರೋಧ್ ಬಳಸಿದಿರಾ ಎಂಬ ಪ್ರಶ್ನೆಗೆ ಜನರು ಕೊಡುವ ಉತ್ತರವನ್ನು ಎಷ್ಟು ನಂಬಬಹುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಂಖ್ಯಾಶಾಸ್ತ್ರಜ್ಞರು ಇಂತಹ ಭೇದಗಳನ್ನು ಲೆಕ್ಕದಿಂದ ಸರಿಪಡಿಸಲು ಶ್ರಮಿಸುತ್ತಾರೆ. ಆದರೆ ಅಳೆಯದೆ ಬಿಟ್ಟುದನ್ನು ಯಾವ ಲೆಕ್ಕವೂ ಸರಿಪಡಿಸಲಾರದು.

ಹೀಗಾಗಿ ಒಂದು ಅಧ್ಯಯನವು ಹೌದೆಂದರೆ ಇನ್ನೊಂದು ಅಲ್ಲವೆಂದಿತು. 2007ರಲ್ಲಿ ಉಗಾಂಡಾ, ಜಿಂಬಾಬ್ವೆ ಮತ್ತು ಥಾಯ್ಲೆಂಡ್ ದೇಶಗಳ ಕುಟುಂಬ ಯೋಜನಾ ಕೇಂದ್ರಗಳಿಗೆ ಬರುತ್ತಿದ್ದ 6,109 ಸ್ತ್ರೀಯರ ಅಧ್ಯಯನವು ಪ್ರಕಟವಾಗಿ, ಒಟ್ಟಾರೆ ಹೇಳತಕ್ಕ ಅಪಾಯ ಕಂಡುಬರಲಿಲ್ಲವೆಂದಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ನಾಲ್ಕೇ ವರ್ಷಗಳಲ್ಲಿ ಆ ನೆಮ್ಮದಿ ಕೆಟ್ಟಿತು. ವಾಷಿಂಗ್‌ಟನ್ ವಿಶ್ವವಿದ್ಯಾಲಯದ ರೆನೀ ಹೆಫ್ರನ್ ಮತ್ತು ಸಂಗಡಿಗರು ಆಫ್ರಿಕದ ಏಳು ದೇಶಗಳಲ್ಲಿ, ಗಂಡಹೆಂಡಿರ ಪೈಕಿ ಒಬ್ಬರಿಗೆ ಮಾತ್ರ ವಿಷಾಣುವಿದ್ದ 3,790 ದಂಪತಿಗಳ ಮಾಹಿತಿಯನ್ನು ಪರಿಶೀಲಿಸಿದ್ದರು. ಹಾರ್ಮೋನು ಬಳಸುವ ಸ್ತ್ರೀಯರಲ್ಲಿ ವರ್ಷಕ್ಕೆ ನೂರಕ್ಕೆ 6.61ರಂತೆಯೂ ಬಳಸದವರಲ್ಲಿ 3.78ರಂತೆಯೂ ಸೋಂಕು ತಗಲಿದ್ದಿತು. ಇನ್ನೂ ಕಳವಳಕಾರಿಯಾದ ಸಂಗತಿಯೆಂದರೆ, ವಿಷಾಣುವಿದ್ದ ಸ್ತ್ರೀಯು ಹಾರ್ಮೋನು ಬಳಸುತ್ತಿದ್ದರೆ ಆಕೆಯಿಂದ ಗಂಡನಿಗೆ ತಗಲುವ ಸಂಭವವೂ ಹೆಚ್ಚಿದ್ದಿತು. ಆದರೆ ಆ ಮಾಹಿತಿಯನ್ನು ಕೂಡಿಹಾಕಿದುದು ಹರ್ಪಿಸ್ ಔಷಧವೊಂದರ ಪರೀಕ್ಷೆಗೆ, ಈ ಪ್ರಶ್ನೆಗಲ್ಲ. ಚುಚ್ಚುಮದ್ದು ಪಡೆಯುತ್ತಿದ್ದು ಸೋಂಕು ತಗಲಿದವರ ಸಂಖ್ಯೆಯೂ ಚಿಕ್ಕದು. ಆದರೂ 2011ರ ಅಕ್ಟೋಬರಿನಲ್ಲಿ ಪತ್ರಿಕೆಗಳು ಇದನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡಿದುವು.

ವಿಶ್ವ ಆರೋಗ್ಯ ಸಂಸ್ಥೆಯು 2012ರ ಆರಂಭದಲ್ಲಿ ಜಿನೀವಾದಲ್ಲಿ ತಜ್ಞರ ಸಭೆ ಕರೆಯಿತು. ಸಭೆಯ ಇಕ್ಕಟ್ಟು ಸಾಮಾನ್ಯವಾದುದಲ್ಲ. ಹೆರಿಗೆಯಲ್ಲಿ ತಾಯಂದಿರು ಸಾಯುವುದು ಎಲ್ಲಿ ಹೆಚ್ಚೋ, ಅಲ್ಲಿಯೇ ಈ ಚುಚ್ಚುಮದ್ದಿನ ಬಳಕೆಯೂ ಹೆಚ್ಚು, ಎಚ್.ಐ.ವಿ.ಯೂ ಹೆಚ್ಚು. ಮದ್ದನ್ನು ಹಿಂದೆಗೆದುಕೊಂಡರೆ ಬೇಡದ ಬಸಿರು, ಅಪಾಯಕರ ಗರ್ಭಪಾತ, ಹೆರಿಗೆಯ ಸಾವು. ಉಳಿಸಿಕೊಂಡರೆ, ಸಂದೇಹವು ನಿಜವಾಗಿದ್ದ ಪಕ್ಷದಲ್ಲಿ, ಸಾವಿರಾರು ಹೊಸ ಸೋಂಕು. ಸಂಸ್ಥೆಯು ನಿರ್ಬಂಧವನ್ನು ಹಾಕಲಿಲ್ಲ. ಜೊತೆಗೆ ನಿರೋಧ್ ತಪ್ಪದೆ ಬಳಸುವಂತೆ ಬಲವಾಗಿ ಬೋಧಿಸಬೇಕೆಂದಿತು. ನಿರೋಧ್ ಬಳಸುವುದು ಗಂಡಸಿನ ಕೈಯಲ್ಲಿರುವ ವಿಷಯವೆಂಬುದನ್ನು ಜಿನೀವಾದ ತಜ್ಞರು ಅರಿಯದವರೇನಲ್ಲ. ಆದರೂ ಬೋಧನೆಯೆಲ್ಲ ಹೆಂಗಸಿಗೇ ಸಂದಿತು. 2015ರಲ್ಲಿ 18 ಅಧ್ಯಯನಗಳ 37,000ಕ್ಕೂ ಮಿಕ್ಕ ಸ್ತ್ರೀಯರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಡಿ.ಎಂ.ಪಿ.ಎ. ಪಡೆದವರಿಗೆ ಅಪಾಯವು ಒಂದೂವರೆ ಪಟ್ಟು ಎಂದು ತೋರಿತು. 2017ರಲ್ಲಿ ಸಂಸ್ಥೆಯು ತನ್ನ ಪಟ್ಟಿಯಲ್ಲಿ ಈ ಮದ್ದನ್ನು, ಸೋಂಕಿನ ಅಪಾಯ ಹೆಚ್ಚಿರುವ ಸ್ತ್ರೀಯರ ಮಟ್ಟಿಗೆ, ಮೊದಲ ವರ್ಗದಿಂದ ಎರಡನೆಯದಕ್ಕೆ ಇಳಿಸಿತು. ಯಾವ ನಿರ್ಬಂಧವೂ ಇಲ್ಲವೆಂಬುದು ಮೊದಲ ವರ್ಗದ ಅರ್ಥವಾದರೆ, ಅಪಾಯವಿರಬಹುದಾದರೂ ಪ್ರಯೋಜನವೇ ಮಿಗಿಲೆಂಬುದು ಎರಡನೆಯದರ ಅರ್ಥ. ಸ್ತ್ರೀಗೆ ಸಂದೇಹದ ವಿಚಾರವನ್ನು ತಿಳಿಸಿಯೇ ಮದ್ದನ್ನು ಕೊಡಬೇಕೆಂಬುದೂ ಆಗಿನ ಸೂಚನೆಗಳಲ್ಲಿ ಒತ್ತು ಪಡೆಯಿತು. ನೈರೋಬಿಯ ವರದಿಗೆ ಆಗ 26 ವರ್ಷ.

ಹೋಲಿಕೆಯ ದೋಷವನ್ನು ನಿವಾರಿಸಲು ಒಂದೇ ಮಾರ್ಗವಿದ್ದಿತು. ಯಾರು ಯಾವ ವಿಧಾನವನ್ನು ಪಡೆಯಬೇಕೆಂಬುದನ್ನು ಅವರಾಗಲಿ ವೈದ್ಯರಾಗಲಿ ಆರಿಸದೆ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿಶ್ಚಯಿಸಿದರೆ, ಗಂಡನ ನಡತೆ, ಬಡತನ, ಎಚ್ಚರಿಕೆ, ಉಪೇಕ್ಷೆ ಎಲ್ಲವೂ ಗುಂಪುಗುಂಪಿಗೂ ಸಮನಾಗಿ ಹಂಚಿಹೋಗುತ್ತವೆ. ಗರ್ಭನಿರೋಧದಂತಹ ಸ್ವಂತ ವಿಷಯದಲ್ಲಿ ಸ್ತ್ರೀಯರು ಇದಕ್ಕೆ ಒಪ್ಪುವರೇ ಎಂದು ಹಲವರು ಶಂಕಿಸಿದರು; ಅಪಾಯದ ಶಂಕೆಯಿರುವ ಮದ್ದನ್ನು ಹೀಗೆ ಹಂಚುವುದು ಧರ್ಮವೇ ಎಂದು ಕೆಲವರು ಆಕ್ಷೇಪಿಸಿದರು. ಎರಡನೆಯ ಆಕ್ಷೇಪವು ತೂಕವುಳ್ಳದ್ದು. ಆದರೆ ಅದೇ ಶಂಕೆಯ ಮದ್ದನ್ನು ಲಕ್ಷಾಂತರ ಸ್ತ್ರೀಯರಿಗೆ ಏನೂ ಹೇಳದೆ ಹಂಚುತ್ತಿದ್ದ ಕಾಲದಲ್ಲಿ, ಎಲ್ಲವನ್ನೂ ಹೇಳಿ ಒಪ್ಪಿಗೆ ಪಡೆದು ನಡೆಸುವ ಪರೀಕ್ಷೆಯೇ ಅಧರ್ಮವೆನ್ನುವುದು ನನಗೆ ಸರಿತೋರುವುದಿಲ್ಲ.

ಎಕೋ ಎಂದು ಹೆಸರಾದ ಈ ಪರೀಕ್ಷೆ 2015ರ ಡಿಸೆಂಬರಿನಲ್ಲಿ ಆರಂಭವಾಯಿತು. ದಕ್ಷಿಣ ಆಫ್ರಿಕದ ಒಂಬತ್ತು ಕೇಂದ್ರಗಳಲ್ಲಿಯೂ ಎಸ್ವಾಟಿನಿ, ಕೆನ್ಯಾ, ಜಾಂಬಿಯಾ ದೇಶಗಳ ಒಂದೊಂದು ಕೇಂದ್ರದಲ್ಲಿಯೂ 16ರಿಂದ 35 ವರ್ಷ ವಯಸ್ಸಿನ 7,829 ಸ್ತ್ರೀಯರನ್ನು ಮೂರು ಗುಂಪುಗಳಿಗೆ ಹಂಚಲಾಯಿತು. ಒಂದು ಗುಂಪಿಗೆ ಡಿ.ಎಂ.ಪಿ.ಎ. ಚುಚ್ಚುಮದ್ದು, ಇನ್ನೊಂದಕ್ಕೆ ಹಾರ್ಮೋನಿಲ್ಲದ ತಾಮ್ರದ ವಂಕಿ, ಮತ್ತೊಂದಕ್ಕೆ ಲೆವೊನಾರ್ಜೆಸ್ಟ್ರೆಲ್ ಎಂಬ ಬೇರೊಂದು ಹಾರ್ಮೋನನ್ನು ಸ್ರವಿಸುವ, ತೋಳಿನ ಚರ್ಮದಡಿಯಲ್ಲಿ ಇರಿಸುವ ಕಡ್ಡಿ. ಸ್ತ್ರೀಯರು ಒಪ್ಪಲಾರರೆಂಬ ಶಂಕೆ ಸುಳ್ಳಾಯಿತು. ಒಪ್ಪಿದ್ದಲ್ಲದೆ, ಬಹುಮಂದಿ ತಮಗೆ ಬಂದ ವಿಧಾನವನ್ನು ಕೊನೆಯವರೆಗೂ ಬಿಡದೆ ಬಳಸಿದರು.

ಫಲಿತಾಂಶವನ್ನು 2019ರ ಜೂನ್ ತಿಂಗಳಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಪ್ರಕಟಿಸಿತು. ಒಟ್ಟು 397 ಸ್ತ್ರೀಯರಿಗೆ ಸೋಂಕು ತಗಲಿದ್ದಿತು: ಚುಚ್ಚುಮದ್ದಿನ ಗುಂಪಿನಲ್ಲಿ 143, ವಂಕಿಯ ಗುಂಪಿನಲ್ಲಿ 138, ಕಡ್ಡಿಯ ಗುಂಪಿನಲ್ಲಿ 116. ನೂರು ಸ್ತ್ರೀಯರನ್ನು ಒಂದು ವರ್ಷ ಕಾಲ ಗಮನಿಸಿದರೆ ಕ್ರಮವಾಗಿ 4.19, 3.94 ಮತ್ತು 3.31 ಸೋಂಕು. ಮೂರರ ನಡುವೆ ಗಣನೀಯ ವ್ಯತ್ಯಾಸವಿಲ್ಲವೆಂಬುದು ತೀರ್ಮಾನ. ಅದೇ ವರ್ಷದ ಆಗಸ್ಟಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಚುಚ್ಚುಮದ್ದನ್ನು ಮತ್ತೆ ಮೊದಲ ವರ್ಗಕ್ಕೆ ಏರಿಸಿತು.

ಈ ತೀರ್ಮಾನವನ್ನು ಎಚ್ಚರಿಕೆಯಿಂದ ಓದಬೇಕು. ಪರೀಕ್ಷೆಯನ್ನು ಯೋಜಿಸಿದುದು ಅಪಾಯವು ಒಂದೂವರೆ ಪಟ್ಟು ಇದ್ದರೆ ಅದನ್ನು ಹಿಡಿಯುವುದಕ್ಕೆ. ಅದಕ್ಕಿಂತ ಸಣ್ಣ ಭೇದವಿದ್ದರೆ ಅದು ಈ ಜಾಲರಿಯಲ್ಲಿ ಸೋರಿಹೋಗಬಹುದು. ಕಡ್ಡಿಯ ಗುಂಪಿಗೆ ಹೋಲಿಸಿದಾಗ ಚುಚ್ಚುಮದ್ದಿನ ಗುಂಪಿನ ಸೋಂಕು ನಾಲ್ಕನೆಯ ಒಂದು ಪಾಲಿನಷ್ಟು ಹೆಚ್ಚಿರುವುದನ್ನು ಕೆಲವರು ಎತ್ತಿ ತೋರಿಸಿದರು. ಅದು ಆಕಸ್ಮಿಕವೂ ಇರಬಹುದು. ಯಾವ ವಿಧಾನವನ್ನೂ ಬಳಸದ ಗುಂಪು ಇಲ್ಲಿರಲಿಲ್ಲ, ಇರಿಸುವುದು ಸಾಧ್ಯವೂ ಇರಲಿಲ್ಲ. ಆದುದರಿಂದ ಈ ಮೂರನ್ನು ಪರಸ್ಪರ ಹೋಲಿಸಬಹುದೇ ಹೊರತು ಬೇರೇನನ್ನೂ ಹೇಳಲಾಗದು. ನೆಟ್-ಎನ್ ಚುಚ್ಚುಮದ್ದು, ಗುಳಿಗೆ ಇವುಗಳ ಪರೀಕ್ಷೆ ಇದರಲ್ಲಿ ನಡೆಯಲಿಲ್ಲ. ಎಚ್.ಐ.ವಿ.ಯನ್ನು ಕುರಿತ ಉತ್ತರವು ಹರ್ಪಿಸ್ ಮೊದಲಾದ ಇತರ ವಿಷಾಣುಗಳಿಗೆ ತಾನಾಗಿಯೇ ಅನ್ವಯಿಸದು. ಇಷ್ಟನ್ನು ಕಳೆದರೂ, ಎರಡು ಪಟ್ಟು ಅಪಾಯವೆಂಬ ಹಳೆಯ ಭಯಕ್ಕೆ ಆಧಾರವಿಲ್ಲವೆಂಬುದು ಉಳಿಯುತ್ತದೆ. ಅದು ಸಣ್ಣ ಲಾಭವಲ್ಲ.

ಆದರೆ ಆ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಅಂಕಿ ಬೇರೆ. ಮೂರು ಗುಂಪುಗಳನ್ನೂ ಕೂಡಿಸಿದರೆ ವರ್ಷಕ್ಕೆ ನೂರಕ್ಕೆ 3.81 ಸೋಂಕು. ಇವರು ವೇಶ್ಯಾವೃತ್ತಿಯವರಲ್ಲ, ಗರ್ಭನಿರೋಧವನ್ನು ಬಯಸಿ ಬಂದ ಸಾಮಾನ್ಯ ಯುವತಿಯರು. ಭೇಟಿಗಳಲ್ಲಿ ಬುದ್ಧಿವಾದವನ್ನೂ ನಿರೋಧನ್ನೂ ರೋಗಪರೀಕ್ಷೆಯನ್ನೂ ಪಡೆಯುತ್ತಿದ್ದವರು. ಸೇರುವಾಗಲೇ ಅವರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಕ್ಲಮೀಡಿಯ ಎಂಬ ಗುಹ್ಯರೋಗವಿದ್ದಿತು. ಯಾವ ವಿಧಾನ ಲೇಸೆಂದು ಜಗತ್ತಿನ ಪಂಡಿತರು ಕಾಲು ಶತಮಾನ ವಾದಿಸುತ್ತಿರುವಾಗ, ಕುಟುಂಬ ಯೋಜನೆಯ ಕೋಣೆಯೊಂದು, ಎಚ್.ಐ.ವಿ. ಕೋಣೆಯೊಂದು ಎಂದು ಗೋಡೆ ಕಟ್ಟಿಕೊಂಡ ಆಸ್ಪತ್ರೆಗಳಲ್ಲಿ ಅದೇ ಹೆಂಗಸು ಮೊದಲನೆಯ ಕೋಣೆಯಿಂದ ಮನೆಗೆ ಹಿಂದಿರುಗುತ್ತಿದ್ದಳು.

ಭಾರತದ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸಂತಾನನಿಯಂತ್ರಣದ ವಿಷಯದಲ್ಲಿ ನಮ್ಮವರು ಹಿಂದುಳಿದವರಲ್ಲ. ಮೈಸೂರು ಸಂಸ್ಥಾನವು 1930ರಷ್ಟು ಹಿಂದೆಯೇ ಸರ್ಕಾರಿ ಚಿಕಿತ್ಸಾಲಯಗಳಿಗೆ ಅನುಮತಿಯಿತ್ತಿದ್ದಿತು, ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟವು ಜನಿಸಿದುದು 1952ರಲ್ಲಿ ಮುಂಬಯಿಯ ಸಮ್ಮೇಳನದಲ್ಲಿ. ಚುಚ್ಚುಮದ್ದಿನ ವಿಷಯದಲ್ಲಿ ಮಾತ್ರ ದಾರಿ ಮುಳ್ಳಿನದಾಯಿತು. 1980ರ ದಶಕದ ನಡುಭಾಗದಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಪ್ರಯೋಗವು ನಡೆದಾಗ, ಅದು ಪ್ರಯೋಗವೆಂಬುದನ್ನೇ ಸ್ತ್ರೀಯರಿಗೆ ಸರಿಯಾಗಿ ತಿಳಿಸಿಲ್ಲವೆಂದು ಸ್ತ್ರೀಶಕ್ತಿ ಸಂಘಟನವು ಆಕ್ಷೇಪಿಸಿತು. 1986ರಲ್ಲಿ ಆ ಸಂಸ್ಥೆಯೂ ದೆಹಲಿಯ ಸಹೇಲಿ ಮೊದಲಾದವರೂ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿದರು. 1993ರಲ್ಲಿ ಡಿ.ಎಂ.ಪಿ.ಎ.ಯನ್ನು ಖಾಸಗಿಯಾಗಿ ಮಾರಲು ಅನುಮತಿ ದೊರೆಯಿತು. 2017ರಲ್ಲಿ ಅದು ಅಂತರಾ ಎಂಬ ಹೆಸರಿನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯತೊಡಗಿತು. ಭಾರತದ ವಯಸ್ಕರಲ್ಲಿ ಎಚ್.ಐ.ವಿ. ಇರುವವರು ನೂರಕ್ಕೆ ಸುಮಾರು 0.2ರಷ್ಟು ಮಾತ್ರವಾದುದರಿಂದ ಆಫ್ರಿಕದ ಇಕ್ಕಟ್ಟು ನಮ್ಮಲ್ಲಿ ಅದೇ ರೂಪದಲ್ಲಿ ತಲೆದೋರದು. ಪಟಾನ್‌ಚೆರುವಿನ ಪ್ರಶ್ನೆಯಾದರೋ ವಿಷಾಣುವಿನ ಪ್ರಮಾಣವನ್ನು ಅವಲಂಬಿಸಿದುದಲ್ಲ. ಋತುಸ್ರಾವವು ಏರುಪೇರಾಗುವುದು, ಮೂಳೆಯ ಸಾಂದ್ರತೆ ತಗ್ಗುವುದು, ಮದ್ದು ಬಿಟ್ಟ ಮೇಲೆ ಬಸಿರಾಗಲು ತಡವಾಗುವುದು ಇವುಗಳನ್ನು ಆಕೆಯ ಭಾಷೆಯಲ್ಲಿ, ಚುಚ್ಚುವುದಕ್ಕೆ ಮೊದಲು, ಕುಳ್ಳಿರಿಸಿ ಹೇಳುವವರು ಬೇಕು.

ಎಕೋ ಪರೀಕ್ಷೆಯು ನಡೆದ ನಾಡಿನಿಂದಲೇ 2024ರಲ್ಲಿ ಇನ್ನೊಂದು ಚುಚ್ಚುಮದ್ದಿನ ಸುದ್ದಿ ಬಂದಿತು. ಲೆನಕಪವಿರ್ ಎಂಬ ಈ ಮದ್ದು ಗರ್ಭವನ್ನಲ್ಲ, ಎಚ್.ಐ.ವಿ.ಯನ್ನೇ ತಡೆಯತಕ್ಕದ್ದು, ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಸಾಕು. ದಕ್ಷಿಣ ಆಫ್ರಿಕ ಮತ್ತು ಉಗಾಂಡಾದ ಕಿಶೋರಿಯರೂ ಯುವತಿಯರೂ ಇದರಲ್ಲಿ ಭಾಗವಹಿಸಿದರು. ಈ ಮದ್ದನ್ನು ಪಡೆದ 2,134 ಮಂದಿಯಲ್ಲಿ, ಫಲಿತಾಂಶವನ್ನು ಪ್ರಕಟಿಸಿದಾಗ, ಒಬ್ಬರಿಗೂ ಸೋಂಕು ತಗಲಿರಲಿಲ್ಲ. ಗುಳಿಗೆಯಂತೆ ಮನೆಯಲ್ಲಿ ಬಚ್ಚಿಡಬೇಕಾದ ಕಷ್ಟ ಇದರಲ್ಲಿಯೂ ಇಲ್ಲ.